ಬಿಸಿಲಿನ ಕಡತ

ಮಾರ್ಚ್ ೧೪

ಪ್ರೀತಿಯ ಮಗಳೇ,

ಆದೇಶಕ್ಕೆ ನಿನ್ನೆ ಸಹಿ ಬಿತ್ತು, ಬೇಸಿಗೆಗೆ ಮೊದಲೇ. ಫೋನಿನಲ್ಲಿ ಹೇಳಿದರೆ ನೀನು ವಾರ್ಡಿನ ಗಲಾಟೆಯಲ್ಲಿ ಅರ್ಧ ಕಿವಿ ಕೊಡುತ್ತೀಯ, ಅದಕ್ಕೇ ಕಾಗದ.

ಇನ್ನು ಮುಂದೆ ಬಿಸಿಲಿನ ಮುನ್ಸೂಚನೆ ಎರಡು ದಿನ ಮೊದಲೇ ನೇರ ಆಸ್ಪತ್ರೆಗಳಿಗೆ ಬರುತ್ತದೆ. ಅಂಥ ದಿನ ರಸ್ತೆ ಕೆಲಸ ಹನ್ನೊಂದಕ್ಕೇ ನಿಲ್ಲುತ್ತದೆ. ರೋಗಿ ಬಂದಮೇಲೆ ನೀವು ನರ್ಸುಗಳು ಐಸಿಗೆ, ಸಲೈನಿಗೆ ಓಡಾಡುವುದು ತಪ್ಪುತ್ತದೆ.

ನಮ್ಮ ಆರೋಗ್ಯ ಇಲಾಖೆ ಎರಡನೇ ಮಹಡಿ, ಹವಾಮಾನದವರು ನಾಲ್ಕನೆಯದು. ಕಡತ ಹತ್ತಲು ಹನ್ನೊಂದು ದಿನ, ಇಳಿಯಲು ಒಂಬತ್ತು. ಇಳಿಯೋದು ಸುಲಭ ಅಲ್ವಾ ಮೇಡಂ ಅಂತ ನಿವೃತ್ತಿಗೆ ಬಂದ ನಮ್ಮ ಜವಾನರ ನಗು. ಜನವರಿಯಲ್ಲಿ ಹಿಂದಿನ ಬೇಸಿಗೆಗಳ ಸಾವಿನ ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ನಾನೇ ಮೆಟ್ಟಿಲು ಹತ್ತಿದೆ. ಅಲ್ಲಿನ ಹಿರಿಯ ಅಧಿಕಾರಿಗೆ ಎಲ್ಲರೂ ಇಟ್ಟ ಹೆಸರು ಮೋಡಣ್ಣ. ದಾರಿ ತಪ್ಪಿ ಬಂದ್ರಾ ಎಂದು ಕೇಳಿ ಕುರ್ಚಿ ಎಳೆದರು. ಅವರು ವಿಪರೀತ ಬಿಸಿಲಿನ ದಿನಾಂಕಗಳನ್ನು ಓದಿದರು, ನಾನು ಆಯಾ ದಿನದ ಸಾವುಗಳನ್ನು. ನಾಲ್ಕನೆಯ ದಿನಾಂಕಕ್ಕೇ ಗೊತ್ತಾಯಿತು, ಬಿಸಿಲು ಏರಿದ ದಿನವೆಲ್ಲ ಸಾವೂ ಏರಿತ್ತು. ಆದರೆ ನಮ್ಮ ಪಟ್ಟಿಯಲ್ಲಿ ಎಲ್ಲವೂ ಹೃದಯ ನಿಂತ ಸಾವುಗಳೇ, ಬಿಸಿಲಿನ ಹೆಸರೇ ಇಲ್ಲ. ಹೃದಯ ನಿಲ್ಲದೆ ಯಾರು ಸತ್ತಿದ್ದಾರೆ ಹೇಳಮ್ಮಾ ಎಂದು ನೀನು ಜಗಳಕ್ಕೆ ಬಂದಿದ್ದೆಯಲ್ಲ.

ಎರಡು ಇಲಾಖೆಗೆ ಒಂದೇ ಕಡತ ಅಂದ್ರೆ ಯಾರ ಕಪಾಟಿನಲ್ಲಿ ಇಡ್ತೀರಿ ಎಂದು ಮುಖ್ಯ ಕಾರ್ಯದರ್ಶಿಗಳು ನಿನ್ನೆ ತಡೆದರು. ಕಪಾಟು ಬೇಡ ಸರ್, ಅಲ್ಲಿ ತಣ್ಣಗಿರುತ್ತೆ, ಬಿಸಿಲು ಮರೆತುಹೋಗುತ್ತೆ ಎಂದುಬಿಟ್ಟರು ಮೋಡಣ್ಣ. ಕಾರ್ಯದರ್ಶಿಗಳು ನಕ್ಕು ಸಹಿ ಹಾಕಿದರು.

ಈಗ ವಾರಕ್ಕೆರಡು ದಿನ ನನಗೆ ನಾಲ್ಕನೇ ಮಹಡಿಯಲ್ಲಿ ಮೇಜು. ಮಂಡಿ ಬೈಯುತ್ತದೆ, ಬೈಯಲಿ. ಮನಸ್ಸು ಹಾಯಾಗಿದೆ.

ಇಂತಿ ನಿನ್ನ
ಅಮ್ಮ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ: ಮೋಡಣ್ಣ ಈ ಪ್ರಸ್ತಾವವನ್ನು ಮೂರು ವರ್ಷದ ಹಿಂದೆಯೇ ಕಳಿಸಿದ್ದರು. ನಮ್ಮ ಇಲಾಖೆಗೆ ಸಂಬಂಧಿಸಿದ್ದಲ್ಲ ಎಂದು ಬರೆದು ಹಿಂತಿರುಗಿಸಿದವಳು ನಾನು. ವಾರ್ಡಿನಲ್ಲಿ ಒಂದೇ ಮಧ್ಯಾಹ್ನ ಆರು ಜನ ಕೈಬಿಟ್ಟುಹೋದರು ಎಂದು ನೀನು ಅತ್ತದ್ದು ಅದೇ ಬೇಸಿಗೆಯಲ್ಲಿ. ನನ್ನ ಆ ಹಾಳೆ ಕಡತದಲ್ಲೇ ಇದೆ. ತೆಗೆದುಬಿಡೋಣವಾ ಎಂದು ಮೋಡಣ್ಣ ಮೆಲ್ಲಗೆ ಕೇಳಿದರು. ಇರಲಿ ಎಂದೆ.