ನಿಮ್ಮ ಬೀರುವಿನಲ್ಲಿರುವ ನಮ್ಮ ಅಪ್ಪನ ನಾಣ್ಯ

ಮಾನ್ಯ ಪುರಾತನ ವಸ್ತುಗಳ ನೋಂದಣಿ ಅಧಿಕಾರಿಗಳೇ,

ನಕಲಿ ನಾಣ್ಯಗಳ ಬಗ್ಗೆ ದೂರು ಕೊಡಲು ಬಂದವಳಿಂದ ಅಸಲಿ ನಾಣ್ಯವನ್ನು ಕಿತ್ತಿಟ್ಟುಕೊಂಡು, ನಕಲಿಗಳನ್ನು ಜೋಪಾನವಾಗಿ ಪೊಟ್ಟಣ ಕಟ್ಟಿ ಹಿಂದಿರುಗಿಸಿದ ಕಚೇರಿ ಜಗತ್ತಿನಲ್ಲಿ ನಿಮ್ಮದೊಂದೇ ಇರಬೇಕು. ಆ ದಿನದಿಂದ ನಾನು ಬಂದಾಗಲೆಲ್ಲ ನೀವು ಮೀಟಿಂಗಿನಲ್ಲಿರುತ್ತೀರಿ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವಳು. ಅಚ್ಚು ತೆಗೆದು, ಲೋಹ ಕಾಯಿಸಿ, ಎರಕ ಹೊಯ್ಯುವುದೇ ನನ್ನ ಹೊಟ್ಟೆಪಾಡು. ನಕಲು ಮಾಡುವುದರಲ್ಲಿ ನಾನೂ ಪಳಗಿದ ಕೈಯೇ. ಆದರೆ ಹುಟ್ಟುಹಲ್ಲೆಂದು ಹೇಳಿ ಯಾರಿಗೂ ಮಾರಿಲ್ಲ. ನಿಮ್ಮ ಕಚೇರಿಯ ಎದುರಿನ ಅಂಗಡಿಯಲ್ಲಿ ಕೊಂಡ ಎರಡು ಪ್ರಾಚೀನ ತಾಮ್ರದ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟ ದಿನ ಮೋಸ ಗೊತ್ತಾಯಿತು. ಎರಡರ ಅಂಚಿನಲ್ಲೂ ಒಂದೇ ಜಾಗದಲ್ಲಿ, ಒಂದೇ ಆಕಾರದ ಗಾಯ. ಶತಮಾನಗಳ ಕಾಲ ಬೇರೆ ಬೇರೆ ಕೈಗಳಲ್ಲಿ ಓಡಾಡಿದ ನಾಣ್ಯಗಳು ಒಂದೇ ರೀತಿ ಬಿದ್ದು, ಒಂದೇ ರೀತಿ ಪೆಟ್ಟು ಮಾಡಿಕೊಳ್ಳುತ್ತವೆಯೇ? ಎರಡೂ ಒಂದೇ ಅಚ್ಚಿನಲ್ಲಿ ಹೊಯ್ದವು. ಹೋಲಿಸಿ ತೋರಿಸೋಣವೆಂದು ನಮ್ಮ ಅಪ್ಪನ ಬಳಿಯಿದ್ದ ಅಂಥದೇ ಹಳೆಯ ನಾಣ್ಯವನ್ನೂ ಜೊತೆಗಿಟ್ಟುಕೊಂಡು ನಿಮ್ಮ ಕಚೇರಿಗೆ ಬಂದೆ. ಅದೇ ನಾನು ಮಾಡಿದ ದಡ್ಡತನ.

"ಇವೆರಡೂ ನಕಲಿ, ಮೇಡಂ," ಎಂದು ನೀವು ಒಂದೇ ನೋಟಕ್ಕೆ ಹೇಳಿದಿರಿ. ನನಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಅಂಗಡಿಯವನ ಮೇಲೆ ಕ್ರಮ ತಗೊಳ್ಳಿ, ಸಾರ್."

"ಅದ್ಹೇಗಾಗುತ್ತೆ? ನಕಲಿ ಅಂದ್ಮೇಲೆ ಅದು ಪುರಾತನ ವಸ್ತುವೇ ಅಲ್ಲ. ನಮ್ಮ ಇಲಾಖೆಗೆ ಬರಲ್ಲ. ಆದ್ರೆ ಈ ಮೂರನೇದು ಅಸಲಿ. ಇದರ ನೋಂದಣಿ ಎಲ್ಲಿ?"

ನೋಂದಣಿ! ಅಪ್ಪ ತಾಮ್ರದ ಪಾತ್ರೆ ರಿಪೇರಿ ಮಾಡುತ್ತಿದ್ದವರು. ಗುಜರಿ ರಾಶಿಯಲ್ಲಿ ಕರಗಿಹೋಗಲಿದ್ದ ಆ ನಾಣ್ಯವನ್ನು ಎತ್ತಿಟ್ಟುಕೊಂಡು, ನಾನು ಹುಟ್ಟಿದ ದಿನ ಅಮ್ಮನ ಕೈಗಿತ್ತವರು. ಆ ಸಂಭ್ರಮದಲ್ಲಿ ನಿಮ್ಮ ಕಚೇರಿಯ ನೆನಪಾಗದಿದ್ದುದು ಅವರ ತಪ್ಪೇ ಇರಬೇಕು. ನೀವು ನಾಣ್ಯವನ್ನು ಲಕೋಟೆಗೆ ಹಾಕಿ ಬೀರುವಿಗೆ ಬೀಗ ಜಡಿದಿರಿ.

ಪೊಲೀಸರ ಬಳಿಗೂ ಹೋದೆ. "ಇದನ್ನ ಕೊಟ್ರೆ ಯಾರಾದ್ರೂ ಒಂದು ಕಟ್ಟು ಸೊಪ್ಪು ಕೊಡ್ತಾರೇನಮ್ಮ? ಚಲಾವಣೇಲೇ ಇಲ್ಲದ ದುಡ್ಡಿಗೆ ಖೋಟಾ ಕೇಸ್ ಹೇಗೆ ಹಾಕೋದು?" ಎಂದು ನಕ್ಕರು. ಅಂದರೆ ನಕಲಿ ಮಾಡಿದವನು ಯಾವ ಕಾನೂನಿಗೂ ಸಿಗುವುದಿಲ್ಲ, ಅಸಲಿ ಇಟ್ಟುಕೊಂಡವಳು ಮಾತ್ರ ಕಳ್ಳಿ! ಅಂಗಡಿಯವನು ಈಗ ಅದೇ ಗಾಯವಿರುವ ಇನ್ನೊಂದು ನಾಣ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಮೆರೆಸಿದ್ದಾನೆ. ನೀವು ಚಹಾ ಕುಡಿಯಲು ಅದರ ಮುಂದೆಯೇ ಹಾದುಹೋಗುತ್ತೀರಿ.

ಅಪ್ಪನಿಗೀಗ ಕಣ್ಣು ಕಾಣುವುದಿಲ್ಲ. ಸಂಜೆಯಾದರೆ, "ನನ್ನ ತಾಮ್ರ ಎಲ್ಲಮ್ಮ?" ಎಂದು ಕೈಚಾಚುತ್ತಾರೆ. ಅದನ್ನು ಬೆರಳಲ್ಲಿ ಆಡಿಸುತ್ತಾ ಕೂರುವುದು ಅವರಿಗುಳಿದ ಒಂದೇ ಸುಖ. ನಡೆದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನಕಲಿಯೊಂದನ್ನು ಅಂಗೈಯಲ್ಲಿಟ್ಟೆ. ಸವರಿ ನೋಡಿ, "ಹೂಂ, ಇದೇ," ಎಂದು ಮುಷ್ಟಿ ಬಿಗಿದರು. ಜೀವಮಾನವೆಲ್ಲ ತಾಮ್ರ ಬಡಿದವರಿಗೆ ಹೆತ್ತ ಮಗಳೇ ಖೋಟಾ ದಾಟಿಸಿದಳು. ನಾಚಿಕೆಯಿಂದ ಕುಗ್ಗಿಹೋದೆ. ಇದೂ ನಿಮ್ಮ ಇಲಾಖೆಗೆ ಬರುವುದಿಲ್ಲ, ಅಲ್ಲವೇ?

ಅಂಗಡಿಯವನನ್ನು ಹಿಡಿಯಿರಿ ಎಂದು ಇನ್ನೂ ಕೇಳುವಷ್ಟು ಪೆದ್ದಿ ನಾನಲ್ಲ. ನನ್ನದು ಒಂದೇ ಬೇಡಿಕೆ. ಅಪ್ಪನ ನಾಣ್ಯವೂ ನಕಲಿಯೆಂದು ಒಂದು ಸಾಲು ಬರೆದು ಮೊಹರು ಒತ್ತಿಬಿಡಿ. ನಕಲಿಗಳನ್ನು ನೀವು ಮರ್ಯಾದೆಯಿಂದ ಮನೆಗೆ ಕಳಿಸುತ್ತೀರಿ. ಅಪ್ಪ ಬದುಕಿರುವಾಗಲೇ ಕಳಿಸಿ.

ಇಂತಿ,
ಅಸಲಿಯನ್ನು ತಂದು ತೋರಿಸಿ ಕೆಟ್ಟ
ಕಟ್ಟುಹಲ್ಲಿನವಳು