ಇಬ್ಬರಿಗೂ ಕೊಟ್ಟ ಓಟಿಪಿ

ಅಂಗಡಿಯ ಹಿಂದಿನ ಕೋಣೆ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಚಿಕ್ಕಮ್ಮನ ಕಾಲಿನ ಪ್ಲಾಸ್ಟರ್ ಒಳಗೆ ನವೆ ಕಮ್ಮಿಯಾಯಿತಾ? ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಾಳೆ ಅಂತ ನೀನು ಹೇಳಿದಾಗ ನಕ್ಕೆ, ಆಮೇಲೆ ಹೆದರಿಕೆಯಾಯಿತು. ಗಾಯವಾದರೆ ಒಳಗೇ ಕೀವು ಕಟ್ಟುತ್ತದೆ, ಕಡ್ಡಿಗಳನ್ನೆಲ್ಲ ಎತ್ತಿಡು. ನಿನ್ನ ಸೊಂಟ ಹೇಗಿದೆ? ಅವಳನ್ನು ಒಬ್ಬಳೇ ಎತ್ತಿ ಕೂರಿಸಬೇಡ. ನಾವು ಚೆನ್ನಾಗಿದ್ದೇವೆ ಅಂತ ಬರೆಯುವುದು ವಾಡಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಗುಬ್ಬಿಗೆ ಜ್ವರ ಪೂರ್ತಿ ಬಿಟ್ಟಿದೆ. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನ ಹಾಗೆ ಬಿಳಿ ತುದಿ ಕಾಣುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ನಿನ್ನೆ ಅವಳಪ್ಪನ ಮೂಗನ್ನೇ ಹಿಡಿದಳು. ನಿದ್ದೆಯನ್ನೂ ಚೆನ್ನಾಗಿ ಮಾಡುತ್ತಾಳೆ. ಮಾಡದಿರುವವಳು ನಾನು. ಕಣ್ಣು ಮುಚ್ಚಿದರೆ ಆ ಜಾಹೀರಾತು ಕಾಣುತ್ತದೆ. ಈಗ ಅವಳು ಉಣ್ಣೆ ಮೂಟೆಗಳ ಮಧ್ಯೆ ಮಲಗಿದ್ದಾಳೆ, ಏಳುವುದರೊಳಗೆ ಬರೆದು ಮುಗಿಸಬೇಕು.

ಫೋನ್ ಇರುವಾಗ ಕಾಗದ ಯಾಕೆ ಅಂತ ನಿನಗನ್ನಿಸಬಹುದು. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ನಾನು ನಿನ್ನನ್ನು ಕೇಳಿದ್ದಕ್ಕೆ ಚಿಕ್ಕಮ್ಮ ಉತ್ತರ ಕೊಡುತ್ತಾಳೆ, ಪಕ್ಕದ ಮನೆಯವರು ಸಲಹೆ ಕೊಡುತ್ತಾರೆ. ಉಣ್ಣೆ ತರುವ ಯಜಮಾನರು ನಾಳೆ ಬೆಳಿಗ್ಗೆ ನಿನ್ನ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ. ಕನ್ನಡಕ ಹಾಕಿಕೊಂಡು, ಕೂತು, ಪೂರ್ತಿ ಓದು.

ಚಿಕ್ಕಮ್ಮನನ್ನು ನೋಡಿಕೊಳ್ಳಲು ನೀನು ಆ ಕಡೆ ಹೋದ ಮೇಲೆ ಅಂಗಡಿಯ ಪೇಜಿಗೆ ದಿನಾ ಒಂದು ಫೋಟೋ ಹಾಕುವುದು ಯಾರು ಅಂತ ಚರ್ಚೆ ಶುರುವಾಯಿತು. ಅತ್ತಿಗೆ ಹೆಣೆಯಬೇಕು, ನಾನು ಗುಬ್ಬಿಯನ್ನು ಹಿಡಿದುಕೊಳ್ಳಬೇಕು, ಉಳಿದವನು ಅಣ್ಣ. ತಾನು ಕುಡಿದ ಲೋಟ ತೊಳೆಯಲೂ ಯಾವುದಾದರೂ ಯಂತ್ರ ಬರಲಿ ಅಂತ ಕಾಯುವ ಮನುಷ್ಯ. ಅವನು ಎಲ್ಲಿಂದಲೋ ಒಂದು ಸರ್ವಿಸ್ ಹುಡುಕಿದ. ವಾರಕ್ಕೊಂದು ಸಲ ಫೋಟೋಗಳನ್ನು ತುಂಬಿಟ್ಟರೆ ತಾನೇ ಹೊತ್ತು ನೋಡಿ, ತಾನೇ ಸಾಲು ಬರೆದು, ಎಲ್ಲ ಕಡೆ ಹಾಕುತ್ತದಂತೆ. ಒಂದ್ಸಲ ಕನೆಕ್ಟ್ ಮಾಡಿದ್ರೆ ಸಾಕು, ಆಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿರಬಹುದು ಅಂದ. ಈಗೇನು ಕೆಳಗಿಟ್ಕೊಂಡು ಕೂತಿದ್ದೀರಾ ಅಂತ ಅತ್ತಿಗೆ ಕೇಳಿದರು. ನಾನೂ ನಕ್ಕೆ. ಅವನು ನಿನಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದ, ಓಟಿಪಿ ಕೇಳಿದ, ನೀನು ಒಂದೊಂದೇ ಅಂಕಿ ಬಿಡಿಸಿ ಹೇಳಿದೆ. ಅದು ನಿನ್ನ ಸ್ವಂತ ಖಾತೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಅಂಗಡಿ ಪೇಜೂ ಅದರೊಳಗೇ, ನೀನು ಅಕ್ಕತಂಗಿಯರಿಗೆ ಕಳಿಸುವ ಮೆಸೇಜೂ ಅದರೊಳಗೇ, 'ನಮ್ಮವರಿಗೆ ಮಾತ್ರ' ಅಂತ ನೀನು ಗುಬ್ಬಿಯ ಫೋಟೋ ಜೋಡಿಸಿಟ್ಟ ಆಲ್ಬಮ್ಮೂ ಅದರೊಳಗೇ.

ಹೋದ ವಾರ ಗುಬ್ಬಿಯನ್ನು ಕ್ಲಿನಿಕ್ಕಿನಲ್ಲಿ ಮಲಗಿಸಿದಾಗ ನಿನಗೆ ಒಂದು ಫೋಟೋ ಕಳಿಸಿದ್ದೆನಲ್ಲ, ನೀನು ಬರಲಾಗಲಿಲ್ಲವೆಂದು ಅಳುತ್ತಿದ್ದೆ ಅಂತ. ನೀನು ಹೆಣೆದ ಹಳದಿ ಟೋಪಿ, ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದು, ಜ್ವರಕ್ಕೆ ಕೆಂಪಾದ ಮುಖ, ಅತ್ತೂ ಅತ್ತೂ ಊದಿದ ಕಣ್ಣು. ಅಷ್ಟು ಜನ ದೊಡ್ಡಮ್ಮಂದಿರಿಗೆ ಒಬ್ಬೊಬ್ಬರಿಗೇ ಹೇಳುವುದು ಯಾಕೆ ಅಂತ ನೀನು ಅದನ್ನು ಆ ಆಲ್ಬಮ್ಮಿಗೆ ಹಾಕಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಣ್ಣ ಆ ವಾರ ಫೋಟೋ ತುಂಬುವುದನ್ನು ಮರೆತಿದ್ದ. ಖಾಲಿ ಕಂಡರೆ ಈ ಸರ್ವಿಸ್ ಸುಮ್ಮನಿರುವುದಿಲ್ಲ, ಖಾತೆಯೊಳಗೆ ಹೊಕ್ಕು ಸಿಕ್ಕಿದ್ದನ್ನು ಎಳೆದು ತರುತ್ತದೆ. ಭಾನುವಾರ ಎದುರುಮನೆ ಟೀಚರ್ ಅಂಗಡಿಗೆ ಬಂದವರು ಕಾಲುಚೀಲ ಕೇಳುವ ಮೊದಲು ಮಗು ಹೇಗಿದೆ ಅಂತ ಕೇಳಿದರು. ನಿಮಗೆ ಹೇಗೆ ಗೊತ್ತಾಯಿತು ಅಂದೆ. ಅವರಿಗೆ ಹೇಳಲು ಮುಜುಗರ, ಆದರೂ ಹೇಳಿದರು: "ನಿಮ್ಮ ಜಾಹೀರಾತು ನೋಡಿದೆ."

ಗುಬ್ಬಿಯ ಆ ಮುಖ, ಅಮ್ಮಾ. ಅದರ ಮೇಲೆ ಬಣ್ಣಬಣ್ಣದ ಅಕ್ಷರದಲ್ಲಿ 'ನಿಮ್ಮ ಕಂದ ಬೆಚ್ಚಗಿರಲಿ! ಎರಡು ಟೋಪಿ ಕೊಂಡರೆ ಒಂದು ಉಚಿತ!' ಪಕ್ಕದಲ್ಲಿ ಕುಣಿಯುವ ಹೃದಯಗಳು. ಹಿಂದೆ ಕ್ಲಿನಿಕ್ಕಿನ ಬೋರ್ಡು, ಹಾಸಿಗೆಯ ನಂಬರು, ಎಲ್ಲ ಸ್ಪಷ್ಟ. ಕೆಳಗೆ ನಡುದೊಡ್ಡಮ್ಮ ಗಾಬರಿಯಾಗಿ ಮಗುವಿಗೆ ಏನಾಯಿತೇ ಅಂತ ಬರೆದಿದ್ದಾರೆ. ಅದಕ್ಕೆ ಅಂಗಡಿಯ ಹೆಸರಿನಲ್ಲಿ ಆ ಯಂತ್ರ ಕೊಟ್ಟ ಉತ್ತರ: 'ಧನ್ಯವಾದಗಳು! ನಿಮ್ಮ ಮೆಚ್ಚುಗೆಯೇ ನಮ್ಮ ಶಕ್ತಿ!' ಯಾರೋ ಒಬ್ಬಳು ಈ ಟೋಪಿ ನೀಲಿ ಬಣ್ಣದಲ್ಲಿ ಸಿಗುತ್ತದಾ ಅಂತ ಕೇಳಿದ್ದಾಳೆ. ಸೂಜಿ ಕಾಣಲಿಲ್ಲವಾ ಆಕೆಗೆ? ಯಾವನೋ ಗುರುತಿಲ್ಲದವನು ಇದು ಯಾವ ಕ್ಲಿನಿಕ್ಕು, ಮಗು ಇನ್ನೂ ಅಲ್ಲೇ ಇದೆಯಾ ಅಂತ ಕೇಳಿದ್ದಾನೆ. ಅವನಿಗೂ ಯಂತ್ರ ಧನ್ಯವಾದ ಹೇಳಿದೆ. ಒಂದು ಹಸುಗೂಸಿನ ಸಂಕಟಕ್ಕೆ ಬೆಲೆ ಚೀಟಿ ಅಂಟಿಸಿ ಬೀದಿಯಲ್ಲಿ ನಿಲ್ಲಿಸಿದ್ದಾರೆ, ಅಂಟಿಸಿದ ಕೈ ಯಾರದು ಅಂತ ನೋಡಿದರೆ ಕೈಯೇ ಇಲ್ಲ. ಬೈಯಲಿಕ್ಕೂ ಒಂದು ಮುಖ ಬೇಕಲ್ಲಮ್ಮ.

ಅಳಿಸುವ ಮೊದಲು ಆ ಪೋಸ್ಟನ್ನು ಅಣ್ಣನಿಗೆ ತೋರಿಸಿದೆ. ಅವನು ಕಣ್ಣರಳಿಸಿ ನೋಡಿದ್ದು ಕೆಳಗಿದ್ದ ಸಂಖ್ಯೆಯನ್ನು. "ನೋಡು, ಇಷ್ಟು ಜನ ಯಾವತ್ತೂ ನೋಡಿರ್ಲಿಲ್ಲ" ಅಂದುಬಿಟ್ಟ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡ, ಅದನ್ನೂ ಹೇಳಬೇಕು. ಆದರೆ ನನ್ನ ಕಿವಿಗೆ ಬಿದ್ದಾಗಿತ್ತು. ಆವತ್ತಿನಿಂದ ಅವನ ಜೊತೆ ಮಾತು ಬಿಟ್ಟೆ. ಮಾತು ಬಿಟ್ಟು ಏನು ಮಾಡಿದೆ ಗೊತ್ತಾ, ನಿನಗೆ ಫೋನ್ ಮಾಡಿ ಓಟಿಪಿ ಕೇಳಿ, ಪೋಸ್ಟ್ ಅಳಿಸಿ, ಪಾಸ್‌ವರ್ಡ್ ಬದಲಾಯಿಸಿದೆ. ಆ ಸರ್ವಿಸ್ಸಿಗೆ ಬಾಗಿಲು ಬಡಿದೆ ಅಂತ ಸಮಾಧಾನಪಟ್ಟುಕೊಂಡೆ. ಮಾರನೇ ದಿನ ನೋಡಿದರೆ ಪಾಸ್‌ವರ್ಡ್ ನಡೆಯುತ್ತಿಲ್ಲ. ಮತ್ತೆ ನಿನಗೆ ಫೋನು, ಮತ್ತೆ ಓಟಿಪಿ, ಮತ್ತೆ ಬದಲಾಯಿಸಿದೆ. ಮತ್ತೆ ಕೆಟ್ಟಿತು. ಇತ್ತ ಅಣ್ಣನಿಗೆ ಆ ಸರ್ವಿಸ್ಸಿನಿಂದ ಮೇಲ್ ಬರುತ್ತಿತ್ತಂತೆ, ನಿಮ್ಮ ಸಂಪರ್ಕ ಕಡಿದಿದೆ, ಬೇಸರವಾಗಿದೆ, ದಯವಿಟ್ಟು ಮತ್ತೆ ಜೋಡಿಸಿ ಅಂತ. ಬೇಸರವಂತೆ ಅದಕ್ಕೆ! ಇವನು ಏನೋ ಕೆಟ್ಟಿದೆ ಅಂದುಕೊಂಡು 'ಪಾಸ್‌ವರ್ಡ್ ಮರೆತಿದೆ' ಒತ್ತುವುದು, ನಿನಗೆ ಫೋನ್ ಮಾಡುವುದು, ಹೊಸ ಪಾಸ್‌ವರ್ಡನ್ನು ಕೊಂಡೊಯ್ದು ಅವರ ಕೈಗೆ ಒಪ್ಪಿಸುವುದು. ನಾನು ಬೀಗ ಹಾಕುವುದು, ಅವನು ತೆಗೆಯುವುದು. ಒಂದೇ ಅಂಗಡಿಯ ಎರಡು ಮೂಲೆಯಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ.

ಮತ್ತೆ ಒಳಹೊಕ್ಕ ಯಂತ್ರ ಮಾಡಿದ ಮೊದಲ ಕೆಲಸ ಏನು ಹೇಳು. ಹೆಚ್ಚು ಜನ ನೋಡಿದ್ದನ್ನು ಅದು ತಾನಾಗಿಯೇ ಇನ್ನೊಮ್ಮೆ ಹಾಕುತ್ತದಂತೆ. ಮಂಗಳವಾರ ಗುಬ್ಬಿ ಮತ್ತೆ ಬೀದಿಗೆ ಬಂದಳು, ಅದೇ ಸೂಜಿ, ಅದೇ ಕಣ್ಣೀರು, ಮೇಲೆ 'ಬೇಡಿಕೆಯ ಮೇರೆಗೆ ಮತ್ತೊಮ್ಮೆ!'

ನಾನು ಹಾಕಿದ ಬೀಗ ಅಣ್ಣನೇ ತೆಗೆಯುತ್ತಿದ್ದಾನೆ ಅಂತ ನಿನ್ನೆ ಕಂಡುಹಿಡಿದದ್ದು ಅತ್ತಿಗೆ. ಬೆಳಿಗ್ಗೆ ನಾನು ನಿನ್ನ ಹತ್ತಿರ ಓಟಿಪಿ ಕೇಳಿದ್ದು ಅವರ ಕಿವಿಗೆ ಬಿದ್ದಿತ್ತು, ಸ್ವಲ್ಪ ಹೊತ್ತಿಗೆ ಅಣ್ಣ ನಿನಗೆ ಫೋನ್ ಮಾಡಿ ಅಮ್ಮಾ ಇನ್ನೊಂದ್ಸಲ ಹೇಳು ಅಂದದ್ದೂ ಬಿತ್ತು. ಸುತ್ತುತ್ತಿದ್ದ ಉಣ್ಣೆ ಉಂಡೆ ಕೆಳಗಿಟ್ಟು, ಇಬ್ಬರನ್ನೂ ಎದುರಿಗೆ ಕೂರಿಸಿದರು. "ಅತ್ತೆ ಒಂದೇ ಬೀಗದ ಕೀಲಿ ಇಬ್ಬರಿಗೂ ಕೊಡ್ತಿದ್ದಾರೆ. ನೀವಿಬ್ರು ಮುಖ ತಿರುಗಿಸ್ಕೊಂಡಿರಿ, ಕಳ್ಳನಿಗೆ ಅಷ್ಟು ಸಾಕು" ಅಂದರು. ಆಮೇಲೆ ನಿನಗೆ ಫೋನ್ ಮಾಡಿದ್ದು. ನೀನು ಎಷ್ಟು ಸಹಜವಾಗಿ ಹೇಳಿದೆ, ಅವನು ಕೇಳ್ದ ಕೊಟ್ಟೆ, ನೀನು ಕೇಳ್ದೆ ಕೊಟ್ಟೆ, ಜಗಳ ಆಡ್ಕೊಂಡಿದ್ದೀರ ಅಂತ ಗೊತ್ತಾಯ್ತು, ಒಬ್ಬರದ್ದು ಇನ್ನೊಬ್ಬರಿಗೆ ಯಾಕೆ ಹೇಳ್ಲಿ ಅಂತ ಸುಮ್ಮನಾದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೂ ಬರಲಿಲ್ಲ. ಆದರೆ ಆಮೇಲೆ ನೀನು ಕೇಳಿದ ಒಂದು ಮಾತಿಗೆ ಅಣ್ಣನ ಮುಖ ಸುಣ್ಣದ ಹಾಗಾಯಿತು. "ಮಧ್ಯಾಹ್ನ ಇನ್ನೊಂದು ಓಟಿಪಿ ಬಂತಲ್ಲ, ಅದು ನಿಮ್ಮಿಬ್ಬರಲ್ಲಿ ಯಾರದು?"

ಇಬ್ಬರದೂ ಅಲ್ಲ, ಅಮ್ಮಾ. ನಿನಗೆ ಫೋನ್ ಮಾಡಿದ ಆ ಹುಡುಗ, ಬಹಳ ಮರ್ಯಾದಸ್ಥ, ಅಮ್ಮಾ ಅಮ್ಮಾ ಅಂತಲೇ ಮಾತಾಡಿದ, ಸಿಗ್ನಲ್ ಸಿಗದೆ ಕಟ್ ಆಯ್ತು ಪಾಪ ಅಂದೆಯಲ್ಲ, ಅವನದು. ಪಾಪ ಅಲ್ಲ ಅವನು. ಆ ಸರ್ವಿಸ್ಸಿನವನೋ, ಅವರಿಂದ ಪಾಸ್‌ವರ್ಡ್ ಕದ್ದವನೋ, ನಮಗೆ ಗೊತ್ತಾಗುವುದಿಲ್ಲ. ಅವನಿಗೆ ನಿನ್ನ ಹೆಸರು ಗೊತ್ತು, ನಂಬರ್ ಗೊತ್ತು. ಸಿಗ್ನಲ್ ಒಂದು ಸರಿಯಾಗಿದ್ದಿದ್ದರೆ ಆ ಅಂಕಿಗಳನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ, ಊಟ ಆಯ್ತೇನಪ್ಪಾ ಅಂತಲೂ ಕೇಳುತ್ತಿದ್ದೆ.

ಆ ಸರ್ವಿಸ್ಸಿನ ಸಹಾಯವಾಣಿಗೆ ಅಣ್ಣ, ನಾನು ಇಬ್ಬರೂ ಸೇರಿ ಫೋನ್ ಮಾಡಿದೆವು. ಆ ಕಡೆಯ ಹೆಣ್ಣುದನಿ ಜೇನು ಸುರಿಸಿತು, ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ ಅಂದಿತು. ಮಗುವಿನ ಫೋಟೋ ಅಳಿಸಿ ಅಂದರೆ, ಅದನ್ನು ನಿಲ್ಲಿಸಿದರೆ ನಿಮ್ಮ ಪ್ರಚಾರಕ್ಕೆ ಹಿನ್ನಡೆಯಾಗಬಹುದು, ಮುಂದುವರಿಯಲೇ ಅಂತ ಕೇಳಿತು. ಅಣ್ಣ ಬಾಯಿಗೆ ಬಂದ ಹಾಗೆ ಬೈದ. ಎಲ್ಲ ಕೇಳಿಸಿಕೊಂಡು, ಕರೆ ಮಾಡಿದ್ದಕ್ಕೆ ಧನ್ಯವಾದ ಹೇಳಿ ಇಟ್ಟಿತು. ಆಗ ನಾವಿಬ್ಬರೂ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದೆವು. ಮನುಷ್ಯಳೋ ಯಂತ್ರವೋ ಇಬ್ಬರಿಗೂ ತಿಳಿಯಲಿಲ್ಲ.

ಅಸಹ್ಯದ ಮೇಲೆ ಅಸಹ್ಯ ಏನೆಂದರೆ, ಇದನ್ನು ಸರಿಯಾಗಿ ಮಾಡುವ ದಾರಿ ಮೊದಲಿನಿಂದಲೂ ಇತ್ತು. ಮರ್ಯಾದೆಯ ಸರ್ವಿಸ್ ಯಾವುದೂ ನಿನ್ನ ಪಾಸ್‌ವರ್ಡ್ ಕೇಳುವುದೇ ಇಲ್ಲ. ನಿನ್ನನ್ನು ನಿನ್ನ ಖಾತೆ ಇರುವ ಸೈಟಿನ ಸ್ವಂತ ಬಾಗಿಲಿಗೇ ಕಳಿಸುತ್ತದೆ, ನೀನು ಅಲ್ಲೇ ಲಾಗಿನ್ ಆಗುತ್ತೀಯ. ಆಗ ಸೈಟೇ ನಿನ್ನನ್ನು ಕೇಳುತ್ತದೆ, ಇವರು ಪೋಸ್ಟ್ ಮಾತ್ರ ಹಾಕಲಾ, ಫೋಟೋ ನೋಡಲಾ, ಮೆಸೇಜ್ ಓದಲಾ ಅಂತ. ಬೇಕಾದ್ದಕ್ಕೆ ಹೂಂ, ಬೇಡದ್ದಕ್ಕೆ ಉಹೂಂ. ಸಾಮಾನು ತಂದವನಿಗೆ ಹೊಸ್ತಿಲಲ್ಲಿ ಇಳಿಸಿ ಹೋಗಪ್ಪಾ ಅನ್ನುತ್ತೀಯಲ್ಲ, ಬೀರುವಿನ ಕೀಲಿ ಕೊಡುತ್ತೀಯಾ? ಬೇಡವಾದ ದಿನ ನಮ್ಮ ಕಡೆಯಿಂದಲೇ ಆ ಅನುಮತಿಯನ್ನು ಕಿತ್ತುಹಾಕಬಹುದು, ಅವರನ್ನು ಬೇಡಿಕೊಳ್ಳುವುದೇ ಬೇಕಿಲ್ಲ. ಅಣ್ಣ ಹುಡುಕಿದ ಮಹಾನುಭಾವರು ಪಾಸ್‌ವರ್ಡನ್ನೇ ತುಂಬಿಸಿಕೊಂಡು, ಓಟಿಪಿಯ ಕಾವಲನ್ನೂ ಆಫ್ ಮಾಡಿಬಿಡಿ, ಅದು ತೊಂದರೆ ಕೊಡುತ್ತದೆ ಅಂದಿದ್ದರಂತೆ. ಪುಣ್ಯಕ್ಕೆ ಅದನ್ನು ಹೇಗೆ ಆಫ್ ಮಾಡುವುದು ಅಂತ ಇವನಿಗೆ ಗೊತ್ತಾಗಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅಣ್ಣನ ಸೋಮಾರಿತನಕ್ಕೆ ಕೈ ಮುಗಿದೆ.

ಅಂಗಡಿಗೆ ಈಗ ಬೇರೆಯೇ ಖಾತೆ ಮಾಡಿದ್ದೇವೆ. ಬೇರೆ ಸರ್ವಿಸ್ಸನ್ನು ಅಣ್ಣನೇ ಜೋಡಿಸಿದ, ನಾನು ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಜೋರಾಗಿ ಓದಿಸಿದೆ. ಪೋಸ್ಟ್ ಹಾಕುವುದೊಂದು ಬಿಟ್ಟು ಉಳಿದದ್ದಕ್ಕೆಲ್ಲ ಉಹೂಂ. ಉತ್ತರ ಬರೆಯುವುದು ಅತ್ತಿಗೆ, ಅವರ ಕೈಯಾರೆ. ಟೋಪಿಗಳನ್ನು ಬೋರಲು ಹಾಕಿದ ಪಾತ್ರೆಗಳಿಗೆ ತೊಡಿಸಿ ಫೋಟೋ ತೆಗೆಯುತ್ತಿದ್ದೇವೆ. ದೊಡ್ಡ ಪಾತ್ರೆ ನೋಡಲು ಅಣ್ಣನ ಹಾಗೇ ಇದೆ ಅಂತ ಅತ್ತಿಗೆ.

ಉಳಿದದ್ದು ನಿನ್ನ ಹಳೆಯ ಖಾತೆ. ಇಷ್ಟೊಂದು ಸಲ ಪಾಸ್‌ವರ್ಡ್ ಬದಲಾದ್ದರಿಂದ ಸೈಟಿನವರು ಅನುಮಾನಪಟ್ಟು ಅದನ್ನು ಮುಚ್ಚಿಬಿಟ್ಟಿದ್ದಾರೆ, ಶನಿವಾರ ಬೆಳಗಿನ ತನಕ ಯಾರಿಗೂ ತೆರೆಯುವುದಿಲ್ಲ. ಮಂಗಳವಾರದ ಪೋಸ್ಟ್ ನಾನು ಅಳಿಸುವ ಮೊದಲೇ ಅದರೊಳಗೆ ಸಿಕ್ಕಿಕೊಂಡಿದೆ, ನನ್ನ ಮಗು ಇನ್ನೂ ಅಲ್ಲಿ ಟೋಪಿ ಮಾರುತ್ತಿದ್ದಾಳೆ, ನಾನು ನೋಡುತ್ತಿದ್ದೇನೆ. ಶನಿವಾರ ನಿನ್ನ ಫೋನಿಗೆ ಬರುವ ಓಟಿಪಿ ಮೊದಲು ಯಾರ ಕೈ ಸೇರುತ್ತದೋ ಅವರ ಪಾಲಿಗೆ ಅದು ತೆರೆಯುತ್ತದೆ. ಅವಳು ಹುಟ್ಟಿದಾಗಿನಿಂದ ನೀನು ಕೂಡಿಟ್ಟ ಪ್ರತಿಯೊಂದು ಫೋಟೋ ಅವರದ್ದಾಗುತ್ತದೆ. ಅದಕ್ಕೆ ನಾನೇ ಬರುತ್ತಿದ್ದೇನೆ, ಶನಿವಾರ ಮೊದಲ ಬಸ್ಸಿಗೆ, ಗುಬ್ಬಿಯನ್ನು ಎತ್ತಿಕೊಂಡು. ನಿನ್ನ ಮುಂದೆ ಕೂತು ತೆರೆದು, ಅವಳನ್ನು ಅಲ್ಲಿಂದ ಪೂರ್ತಿ ಮನೆಗೆ ಕರೆದುಕೊಂಡು ಬರುತ್ತೇನೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಅಣ್ಣ ನಿನ್ನ ಕಾಲಿಗೆ ಬೀಳುತ್ತಾನಂತೆ, ಅವನೇ ಹೀಗೆ ಬರೆಸಿದ. ಹೊತ್ತಿಗೆ ಸರಿಯಾಗಿ ಊಟ ಮಾಡು. ಗುಬ್ಬಿ ಮಗ್ಗುಲು ಬದಲಿಸಿದಳು, ಇನ್ನು ನಿಲ್ಲಿಸುತ್ತೇನೆ.

ನಿನ್ನ,
ಮಗಳು

ಮರೆತಿದ್ದೆ: ನಿಜವಾಗಿ ಹೇಳಬೇಕಾದದ್ದು ಇದೇ. ಶನಿವಾರ ನಾನು ನಿನ್ನ ಕಣ್ಣೆದುರು ನಿಲ್ಲುವ ತನಕ ಆ ಅಂಕಿಗಳನ್ನು ಯಾರಿಗೂ ಹೇಳಬೇಡ. ಅಣ್ಣ ಕೇಳಿದರೂ ಬೇಡ. ನಾನೇ ಫೋನ್ ಮಾಡಿ, ನನ್ನದೇ ದನಿಯಲ್ಲಿ, ಬಸ್ಸು ತಪ್ಪಿತು, ಗುಬ್ಬಿಗೆ ಏನೋ ಆಯಿತು, ಈಗಲೇ ಹೇಳಮ್ಮಾ ಅಂತ ಅತ್ತರೂ ಹೇಳಬೇಡ, ಈಗ ದನಿಯನ್ನೂ ಕದಿಯುತ್ತಾರಂತೆ. ಅತ್ತವಳು ನಿಜವಾಗಿ ನಾನೇ ಆಗಿದ್ದರೂ ಚಿಂತೆಯಿಲ್ಲ, ಬೈದುಕೊಳ್ಳುವುದಿಲ್ಲ. ಇಷ್ಟು ವರ್ಷ ನಾನು ಅತ್ತಾಗಲೆಲ್ಲ ಕೇಳಿದ್ದನ್ನು ನೀನು ಕೊಟ್ಟುಬಿಟ್ಟೆ. ಈ ಒಂದು ಸಲ ಫೋನ್ ಇಟ್ಟುಬಿಡಮ್ಮ.