ಅಜ್ಜನಿಗೆ ಹೇಳಿಕೊಂಡ ಬಾಟಲಿ

6-1-2025, ಸೋಮವಾರ
ಧರಣಿಯ ಹನ್ನೊಂದನೇ ದಿನ. ಇಪ್ಪತ್ತಾರು ಹೆಂಗಸರು. ಕುಂಬಳೆಯಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಮದ್ಯದಂಗಡಿ ಬರಕೂಡದು. ಧರಣಿ ಸಮಿತಿಗೆ ನಾನು ಅಧ್ಯಕ್ಷೆ. ಕುರ್ಚಿ ತಂದಿಟ್ಟರು. ಕೂರಲಿಲ್ಲ.

ಮೊಮ್ಮಗಳು ರಶ್ಮಿತಾ ಕಾಲೇಜಿನ ಪುಸ್ತಕ ತಂದು ಓದಿ ಹೇಳಿದಳು. ಅಮೆರಿಕದ ಓಹಿಯೋ ಎಂಬಲ್ಲಿ, 1873ರ ಚಳಿಗಾಲ. ಎಲೈಜಾ ಥಾಂಪ್ಸನ್ ಎಂಬಾಕೆ ಊರ ಹೆಂಗಸರನ್ನು ಕರೆದುಕೊಂಡು ಹೋಗಿ ಮದ್ಯದಂಗಡಿಗಳ ಮುಂದೆ ಹಿಮದಲ್ಲೇ ಮಂಡಿಯೂರಿ ಪ್ರಾರ್ಥಿಸಿದಳಂತೆ. ಆಮೇಲೆ ಬಂದ ಕ್ಯಾರಿ ನೇಷನ್ ಎಂಬವಳು ಪ್ರಾರ್ಥನೆಗೆ ನಿಲ್ಲಲಿಲ್ಲ, ಕೊಡಲಿ ಹಿಡಿದು ಅಂಗಡಿಗೇ ನುಗ್ಗಿದಳಂತೆ.

ಕಾರ್ಯದರ್ಶಿ ಶರೀಫಾ ಎದ್ದು ನಿಂತಳು. "ಸೌದಾಮಿನಿಯಕ್ಕ, ನಮ್ಮಲ್ಲಿ ಕೊಡಲಿ ಇಲ್ಲ. ಮೀನು ಕೊಯ್ಯುವ ಮೆಟ್ಟುಕತ್ತಿ ಉಂಟು. ಸಾಕಾ?"

ನನಗೂ ನಗು ಬಂತು. ತಡೆದುಕೊಂಡೆ.

9-1
ಮಗ ಶ್ಯಾಮ ಕುಡಿತ ಬಿಟ್ಟು ಇಂದಿಗೆ ಎಂಟು ತಿಂಗಳು. ಸಮಿತಿಯಲ್ಲಿ ಯಾರಿಗೂ ಗೊತ್ತಿಲ್ಲ. ಕುಡಿತ ಬಿಡಿಸುವ ಕೇಂದ್ರದಲ್ಲಿದ್ದ ಎರಡು ತಿಂಗಳು, ಮಂಗಳೂರಲ್ಲಿ ಕೆಲಸ ಎಂದೇ ಹೇಳಿದ್ದೆ. ನಮ್ಮ ಮನೆಯ ಮಾತು ಧರಣಿಯ ಚಾಪೆಯ ಮೇಲೆ ಬೇಡ.

14-1
ಕಲೆಕ್ಟರರು ಅರ್ಜಿ ತೆಗೆದುಕೊಂಡರು, ಮುಖ ನೋಡಲಿಲ್ಲ. ಬರುವಾಗ ಕೊರಗಜ್ಜ ದೈವದ ಕಟ್ಟೆಯ ಎದುರು ನಿಂತು ಕೈಮುಗಿದೆ. ಈ ಅಂಗಡಿ ತಪ್ಪಿಸು ಅಜ್ಜ, ಚಕ್ಕುಲಿ, ವೀಳ್ಯ, ಒಂದು ಬಾಟಲಿ ಮದ್ಯ ಇಡುತ್ತೇನೆ... ಬಾಯಿಂದ ಹೊರಟ ಮೇಲೆ ಹೊಳೆಯಿತು. ಉಂಗುರ ಕಳೆದರೂ ದನ ತಪ್ಪಿದರೂ ಅಜ್ಜನಿಗೆ ಹೇಳಿಕೊಳ್ಳುವುದು ಹೀಗೆಯೇ. ರೂಢಿ. ಯೋಚಿಸಲಿಲ್ಲ.

29-1
ಅಂಗಡಿಯ ಅನುಮತಿ ರದ್ದು. ಶರೀಫಾ ನನ್ನ ಕೈ ಹಿಡಿದು ಅತ್ತಳು.

7-2, ಶುಕ್ರವಾರ
ಹರಕೆ ಉಳಿಸಿಕೊಳ್ಳಬಾರದು. ಆದರೆ ನಾನು ಮದ್ಯದಂಗಡಿಯ ಸಾಲಿನಲ್ಲಿ ನಿಂತರೆ ಮರುಕ್ಷಣ ಎಲ್ಲರ ಮೊಬೈಲಿನಲ್ಲಿ ನನ್ನ ಫೋಟೊ. ಬಾಟಲಿ ತರಲು ಶ್ಯಾಮನಿಗೆ ಹೇಳಿದೆ. ಕುಂಜತ್ತೂರು ದಾಟಿದರೆ ಕರ್ನಾಟಕ, ಅಲ್ಲಿ ನಮ್ಮ ಗುರುತಿನವರಿಲ್ಲ.

"ಬೇರೆ ಯಾರನ್ನಾದರೂ ಕಳುಹಿಸಿ ಅಮ್ಮ."

"ಬೇರೆಯವರ ಬಾಯಿಗೆ ಬೀಗ ಹಾಕಲಿಕ್ಕೆ ಆಗ್ತದಾ? ನಿನಗೆ ಕುಡಿಯಲಿಕ್ಕೆ ಹೇಳಿದ್ದಲ್ಲ, ತರಲಿಕ್ಕೆ ಹೇಳಿದ್ದು."

ಸೊಸೆ ರಮ್ಯಶ್ರೀ ಅಡುಗೆಮನೆಯಿಂದ ಹೊರಗೆ ಬಂದಳು. ನನ್ನ ಮುಖ ನೋಡಿ ಒಳಗೆ ಹೋದಳು.

8-2, ಸಂಜೆ 6
ಬೆಳಿಗ್ಗೆ ಎಂಟರ ಬಸ್ಸಿಗೆ ಹೋದವನು. ಫೋನ್ ಸ್ವಿಚ್ ಆಫ್. ರಮ್ಯಶ್ರೀ ಮೆಟ್ಟಿಲ ಮೇಲೆ ಕೂತಿದ್ದಾಳೆ. ನನ್ನಲ್ಲಿ ಏನೂ ಕೇಳುತ್ತಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

16-2
ಶ್ಯಾಮ ಮತ್ತೆ ಕೇಂದ್ರದಲ್ಲಿ. ಆ ರಾತ್ರಿ ಕುಂಜತ್ತೂರಿನ ಬಸ್ ಸ್ಟಾಪಿನಲ್ಲಿ ಕುಡಿದು ಬಿದ್ದಿದ್ದನಂತೆ. ಚೀಲದಲ್ಲಿ ಒಂದು ಬಾಟಲಿ ಇತ್ತು, ಸೀಲು ಒಡೆದಿರಲಿಲ್ಲ. ಅದು ಅಜ್ಜನದು. ಮುಟ್ಟಿಲ್ಲ. ತನಗೆ ಬೇರೆ ಕೊಂಡಿದ್ದ.

ಆ ಬಾಟಲಿಯನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಕಟ್ಟೆಗೆ ಒಯ್ಯಲು ಕಾಲು ಬರುವುದಿಲ್ಲ.

ರಶ್ಮಿತಾ ವಾರದಿಂದ ನನ್ನೊಡನೆ ಮಾತಾಡಿಲ್ಲ. ಅವಳ ಅಪ್ಪ ಅಲ್ಲವೇ. ಇಂದು ನಾನೇ ಕೇಳಿದೆ, ಆ ಕೊಡಲಿಯವಳ ಮನೆಯಲ್ಲಿ ಕುಡಿಯುವವರು ಇರಲಿಲ್ಲವಾ ಎಂದು.

"ಇದ್ದರು. ಮೊದಲ ಗಂಡ. ಡಾಕ್ಟರ್. ಕುಡಿದು ಕುಡಿದೇ ಸತ್ತದ್ದು." ನನ್ನ ಕಡೆ ತಿರುಗಿ, "ಅವಳು ಅದನ್ನು ಅಡಗಿಸಿಡಲಿಲ್ಲ ಅಜ್ಜಿ. ಊರೂರಿಗೆ ಹೋಗಿ ಹೇಳಿದಳು."

23-2, ಭಾನುವಾರ, ಬೆಳಿಗ್ಗೆ 9.40
ಹತ್ತೂವರೆಗೆ ನನಗೆ ಸನ್ಮಾನ. ಶಾಲು, ಹಣ್ಣು, ಮೈಕು. ರಮ್ಯಶ್ರೀ ಸೀರೆ ಉಟ್ಟು ಬಾಗಿಲಲ್ಲಿ ಬಂದು ನಿಂತಳು. ಹದಿನೈದು ದಿನದ ಮೇಲೆ ಮಾತು.

"ಅತ್ತೆ, ನಾನೂ ಬರ್ತೇನೆ. ಎದುರಿನ ಸಾಲಿನಲ್ಲೇ ಕೂತುಕೊಳ್ತೇನೆ. ಅವರು ಎಲ್ಲಿದ್ದಾರೆ ಅಂತ ನೀವು ಹೇಳದಿದ್ದರೆ ನಾನು ಎದ್ದು ಹೇಳ್ತೇನೆ."

ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ನನಗೆ ಎದುರು ಮಾತಾಡಿದವಳಲ್ಲ. ಬೈಯಲು ಬಾಯಿ ತೆರೆದೆ. ಬಂದದ್ದು ಬೇರೆ.

"ನೀನು ಏಳಬೇಡ. ಕೂತು ಕೇಳು."

ರಿಕ್ಷಾ ಬಂದಿದೆ, ಹಾರ್ನ್ ಹಾಕುತ್ತಿದ್ದಾನೆ. ಅಲ್ಲಿ ನಾಲಗೆ ಹಿಂಜರಿದೀತು, ಮೊದಲ ಮಾತು ಇಲ್ಲೇ ಬರೆದುಕೊಂಡು ಹೋಗುತ್ತೇನೆ—

ಫೆಬ್ರವರಿ ಎಂಟರಂದು ನನ್ನ ಮಗನನ್ನು, ಬೇಡ ಎಂದವನನ್ನು, ಮದ್ಯ ತರಲು ನಾನೇ